ವ್ಯಾನಿನಲ್ಲಿದ್ದ ದೊಡ್ಡಪ್ಪ

ದೊಡ್ಡಪ್ಪ ತೀರಿಹೋದ ಸುದ್ದಿ ತಂದವನು ಎದುರು ಸಾಲಿನ ಕ್ಷೌರದಂಗಡಿಯವನು. ಒಂದು ಕೈಯಲ್ಲಿ ಬಾಚಣಿಗೆ, ಹೆಗಲ ಮೇಲೆ ಟವೆಲ್. ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಕೂರಿಸಿ ರಸ್ತೆ ದಾಟಿ ಓಡಿ ಬಂದಿದ್ದ.

"ಯಜಮಾನ್ರೇ, ನಿಮ್ಮ ಹಾಡುಗಾರ ಹೋಗ್ಬಿಟ್ರಂತೆ. ಈಗ ತಾನೇ ರೇಡಿಯೋದಲ್ಲಿ ಬಂತು."

ಅಪ್ಪ ಮೇಜಿನ ಮೇಲೆ ಗಾಜು ಹಾಸಿ ಕಟ್ಟರ್ ಎಳೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. ಗೀರನ್ನು ಅರ್ಧಕ್ಕೆ ಬಿಟ್ಟರೆ ಗಾಜು ನಮಗೆ ಬೇಕಾದ ಕಡೆ ಒಡೆಯುವುದಿಲ್ಲ, ತನಗೆ ತೋಚಿದ ಕಡೆ ಒಡೆಯುತ್ತದೆ. ಕೊನೆಯವರೆಗೂ ಎಳೆದು, ಕಟ್ಟರನ್ನು ಸೀಮೆಎಣ್ಣೆ ಡಬ್ಬಿಗೆ ಹಾಕಿ, ಆಮೇಲೆ ಸ್ಟೂಲಿನ ಮೇಲೆ ಕುಳಿತ.

"ರೇಡಿಯೋದವರು ಏನ್ ಬೇಕಾದ್ರೂ ಹೇಳ್ತಾರೆ," ಎಂದ.

"ಎಲ್ಲಾ ಕಡೆ ಅದೇ ಸುದ್ದಿ, ಯಜಮಾನ್ರೇ," ಎಂದು ಕ್ಷೌರದವನು ತಲೆ ತಗ್ಗಿಸಿದ. ಹೋಗುವ ಮುಂಚೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅಕ್ಕಾ, ನನ್ನ ಗಾಜು ಈ ವಾರ ಆಗತ್ತಲ್ವಾ?" ಎಂದ. ಸಾಮಾನು ಇಳಿಸಲು ಬಂದ ಗಾಡಿಯೊಂದು ಹಿಂದಕ್ಕೆ ಬಂದು ಅವನ ಅಂಗಡಿಯ ಮುಂದಿನ ದೊಡ್ಡ ಗಾಜನ್ನು ಪುಡಿ ಮಾಡಿತ್ತು. ಅಲ್ಲಿ ಪ್ಲೈವುಡ್ ಹಲಗೆ ಹೊಡೆದುಕೊಂಡು, ಹಗಲಲ್ಲೂ ಲೈಟು ಹಾಕಿ ಕತ್ತರಿಸುತ್ತಿದ್ದ. ಸಾವಿನ ಸುದ್ದಿಯ ಬಾಲಕ್ಕೆ ಗಾಜಿನ ವಿಚಾರ ಕಟ್ಟಿದ್ದಕ್ಕೆ ನನಗೆ ಮೈಯೆಲ್ಲಾ ಉರಿಯಿತು. ಆದರೆ ಅವನೇನು ಮಾಡಿಯಾನು, ಅದೂ ಹೊಟ್ಟೆಪಾಡು.

ಈ ದೊಡ್ಡಪ್ಪ ನಮಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಾದವನಲ್ಲ. ಗಿಟಾರು ಹಿಡಿದು ದೂರದ ದಾರಿ, ಮುದಿ ನಾಯಿ, ಬಿಟ್ಟುಹೋದ ಹುಡುಗಿ, ಮಣ್ಣು ಮೆತ್ತಿದ ಬೂಟು ಎಂದು ಹಾಡುವ ಗಾಯಕ. ರೇಡಿಯೋದವರು ಕಂಟ್ರಿ ಹಾಡು ಎನ್ನುವ ಜಾತಿ. ಅವನ ಒಂದೇ ಒಂದು ಕ್ಯಾಸೆಟ್ ನಮ್ಮ ವ್ಯಾನಿನಲ್ಲಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ವ್ಯಾನ್ ಹತ್ತಿದರೆ ಆ ದನಿ ಮೊದಲೇ ಅಲ್ಲಿ ಇರುತ್ತಿತ್ತು. ಗಂಭೀರವಾದ, ತಗ್ಗಿದ, ಯಾವುದಕ್ಕೂ ಆತುರಪಡದ ದನಿ. ಹಾಡಿನ ನಡುವೆ ಮಾತೂ ಆಡುತ್ತಿದ್ದ. ಇವನು ಯಾರೆಂದು ಅಪ್ಪನನ್ನು ಕೇಳಿದ್ದೆ. "ನಿನ್ನ ದೊಡ್ಡಪ್ಪ ಅಂದ್ಕೋ," ಎಂದಿದ್ದ. ನಾನು ಅಂದುಕೊಂಡೆ. ವ್ಯಾನಿನೊಳಗೇ ಎಲ್ಲೋ ಒಬ್ಬ ದೊಡ್ಡಪ್ಪ ವಾಸವಿದ್ದಾನೆ, ನಾಚಿಕೆಗೆ ಹೊರಗೆ ಬರುವುದಿಲ್ಲ ಎಂದೇ ಬಹಳ ದಿನ ನಂಬಿದ್ದೆ. ಅದು ಸುಳ್ಳೆಂದು ತಿಳಿದ ಮೇಲೂ ಹೆಸರು ಬಿಟ್ಟುಹೋಗಲಿಲ್ಲ. ಅಮ್ಮ ಕೂಡ ಚುಚ್ಚಬೇಕೆನಿಸಿದಾಗ, "ಭಾವನೋರು ಇವತ್ತು ಏನ್ ಹಾಡಿದ್ರಂತೆ?" ಎಂದು ಕೇಳುತ್ತಿದ್ದಳು. ವ್ಯಾನ್ ಹತ್ತಿದರೆ ಹೊಟ್ಟೆ ತೊಳೆಸುತ್ತದೆಂದು ಅವಳು ಅದರ ಹತ್ತಿರವೂ ಸುಳಿದವಳಲ್ಲ.

ನಮ್ಮ ಕಸುಬಿಗೆ ಆ ಕ್ಯಾಸೆಟ್ಟಿನ ಒಂದು ಹಾಡು ಕೈಕಾಲಿನಷ್ಟೇ ಬೇಕಿತ್ತು. ಬಾಗಿಲಗಲದ ಗಾಜನ್ನು ಇಬ್ಬರು ಹೊರುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂದಿನವರಿಗೆ ಹಿಂದಿನವರ ಕಾಲು ಕಾಣುವುದಿಲ್ಲ. ಒಬ್ಬರು ಎಳೆದು ಇನ್ನೊಬ್ಬರು ತಡೆದರೆ ಗಾಜು ನಡುವಿನಲ್ಲಿ ಅಲೆ ಎದ್ದಂತೆ ಬಾಗುತ್ತದೆ. ಇನ್ನೊಂದು ಸ್ವಲ್ಪ ಬಾಗಿದರೆ ಕಥೆ ಮುಗಿಯಿತು. ಅದಕ್ಕೆ ಬೇರೆ ಅಂಗಡಿಯವರು ಒಂದು, ಎರಡು ಎಂದು ಎಣಿಸುತ್ತಾರೆ. ಅಪ್ಪ ಹಾಡುತ್ತಿದ್ದ. ಅವನು ಹಿಂದೆ ನಿಂತು ಹಾಡಬೇಕು, ನಾನು ಮುಂದೆ ಅದಕ್ಕೆ ಹೆಜ್ಜೆ ಹಾಕಬೇಕು, ಬಾಯಿ ಬಿಟ್ಟರೆ "ಮೆಟ್ಟಿಲು", "ಹೊಸ್ತಿಲು" ಅಷ್ಟೇ. ನಾನು ಈ ಕೆಲಸಕ್ಕೆ ಬಂದಾಗಿನಿಂದ ನಮ್ಮ ನಿಯಮ ಅದು.

ಹಾಡು ಹೀಗಿತ್ತು:

ಮೆಲ್ಲಗೆ ನಡಿಯೋ ನನ್ನ ಕತ್ತೇ, ಬೆನ್ನ ಮೇಲಿದೆ ಅವಳ ಕನ್ನಡಿ,
ತಲುಪಿದ ಮೇಲೆ ಓಡುವೆಯಂತೆ, ಈಗ ಮಾತ್ರ ನಿಧಾನ ನಡಿ.

ಒಬ್ಬ ಬಡವ ಪ್ರೀತಿಸಿದವಳಿಗೆ ಕನ್ನಡಿ ಕೊಂಡು, ಕತ್ತೆಯ ಮೇಲೆ ಹೇರಿಕೊಂಡು ಹೊರಟಿದ್ದಾನೆ. ದಾರಿ ಕೆಟ್ಟದ್ದು. ಕತ್ತೆಯನ್ನು ಬೇಡಿಕೊಳ್ಳುತ್ತಿದ್ದಾನೆ. ಅಪ್ಪನ ಬಾಯಲ್ಲಿ ಅದನ್ನು ಕೇಳಿದರೆ ಕಲ್ಲುಬಂಡೆಯೂ ಆ ಕತ್ತೆಗೆ ದಾರಿ ಬಿಡಬೇಕು ಅನ್ನಿಸುತ್ತಿತ್ತು. ನಾನು ಮೊದಲ ಸಲ ಗಾಜು ಒಡೆದಾಗ ಅಪ್ಪ ಬಯ್ಯಲಿಲ್ಲ. "ದೊಡ್ಡಪ್ಪನಿಗೆ ಅವಸರ ಇದೆಯಾ? ಮತ್ತೆ ನಿನಗ್ಯಾಕೆ?" ಎಂದಿದ್ದ, ಅಷ್ಟೇ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುವುದು. ಅದನ್ನು ಅಷ್ಟಿಷ್ಟು ಕೆಳಗಿಳಿಸಿದ್ದು ಆ ಮಾತು.

ಇಲ್ಲೊಂದು ವಿಚಾರ ಹೇಳಬೇಕು. ವ್ಯಾನಿನ ಕ್ಯಾಸೆಟ್ ಪ್ಲೇಯರ್ ಗುಜರಿಯಿಂದ ತಂದದ್ದು. ಅದರ ಮೋಟಾರು ಮೊದಲ ದಿನದಿಂದಲೂ ನಿಧಾನ. ದೊಡ್ಡಪ್ಪನ ನಿಜವಾದ ದನಿ ಸಣ್ಣದು, ಚುರುಕಾದದ್ದು, ಸ್ವಲ್ಪ ಮೂಗಿನದು. ಊರಿಗೆಲ್ಲಾ ಗೊತ್ತಿದ್ದ ಈ ಸಂಗತಿ ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಅವನು ಬಿಟ್ಟಿರಲಿಲ್ಲ ಎನ್ನುವುದೇ ಸರಿ. ರೇಡಿಯೋದಲ್ಲಿ ಅದೇ ಹಾಡು ಬಂದರೆ, "ಜಾಹೀರಾತಿಗೆ ಜಾಗ ಆಗ್ಲಿ ಅಂತ ಓಡಿಸ್ತಾರೆ, ಕಳ್ಳರು," ಎನ್ನುತ್ತಿದ್ದ. ಒಮ್ಮೆ ದೂರದ ಊರಿನಲ್ಲಿ ದೊಡ್ಡಪ್ಪನ ಕಾರ್ಯಕ್ರಮಕ್ಕೇ ಹೋಗಿಬಂದ. ಜನರ ನಡುವೆ ಎಲ್ಲೋ ಹಿಂದೆ ನಿಂತು ಕಣ್ಣಾರೆ ನೋಡಿದ, ಕಿವಿಯಾರೆ ಕೇಳಿದ. ಮನೆಗೆ ಬಂದು, "ಪಾಪ, ರೈಲಿಗೆ ಹೊತ್ತಾಗಿತ್ತು ಅನ್ಸತ್ತೆ. ಎಲ್ಲಾ ಹಾಡನ್ನೂ ಬೇಗ ಬೇಗ ಮುಗಿಸ್ದ," ಎಂದ. ಅಮ್ಮ ಒಲೆಯ ಕಡೆ ಮುಖ ತಿರುಗಿಸಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ತಿದ್ದುವ ಮನಸ್ಸು ನಮ್ಮಿಬ್ಬರಿಗೂ ಬರಲಿಲ್ಲ. ಅವನ ದೊಡ್ಡಪ್ಪ ಹಾಗೆಯೇ ಇರಲಿ, ಯಾರ ಗಂಟೇನು ಹೋಗಬೇಕು ಎಂದುಕೊಂಡಿದ್ದೆವು.

ಸಾವಿನ ಮರುದಿನ ಟೀವಿಯಲ್ಲಿ ಶ್ರದ್ಧಾಂಜಲಿ ಕಾರ್ಯಕ್ರಮವಿತ್ತು. ಅಪ್ಪ ಕಾಲು ತೊಳೆದು, ಒಗೆದ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತ. ಅಮ್ಮ ತರಕಾರಿ ಹೆಚ್ಚುತ್ತ ನೆಲದ ಮೇಲೆ ಕುಳಿತಳು. ಅವರ ಮನೆ ಅಂಗಡಿಯ ಹಿಂದೆಯೇ, ಎರಡಕ್ಕೂ ಹಿತ್ತಲು ಒಂದೇ. ನಾನೂ ಹೋಗಿದ್ದೆ, ನನ್ನ ಮನೆ ಎರಡು ಬೀದಿ ಆಚೆ. ಮೊದಲು ಫೋಟೋ ತೋರಿಸಿದರು. ಆಮೇಲೆ ಹಳೆಯ ಸಂದರ್ಶನ. ದೊಡ್ಡಪ್ಪ ತನ್ನ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದ. ಟೋಪಿ ತಿರುಗಿಸುತ್ತ, ಕಾಲು ಅಲ್ಲಾಡಿಸುತ್ತ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದನ್ನು ಹಿಡಿಯುತ್ತಿದ್ದ.

"ನಂಗೆ ಹುಟ್ಟಿದಾಗಿಂದ್ಲೂ ಅವಸರ," ಎಂದು ಅವನೇ ನಕ್ಕ. "ಕೂತಲ್ಲಿ ಕೂರೋನಲ್ಲ ನಾನು. ಆ ಕತ್ತೆ ಹಾಡಿದೆಯಲ್ಲ, ಅದನ್ನ ಜನ ಕುಣೀಲಿ ಅಂತಾನೇ ಬರೆದಿದ್ದು. ಕನ್ನಡಿ ಒಡೆಯೋದು ಗ್ಯಾರಂಟಿ, ಅದೇ ತಮಾಷೆ!"

ಕೂಡಲೇ ಅವನು ಅದನ್ನು ಹಾಡುತ್ತಿದ್ದ ಹಳೆಯ ಚಿತ್ರ ಬಂತು. ಶ್ರದ್ಧಾಂಜಲಿಗೆಂದು ಮೈದಾನದ ಪರದೆಯ ಮುಂದೆ ಸೇರಿದ ಜನ ಅಳುತ್ತಲೇ ನಗುತ್ತ, ಚಪ್ಪಾಳೆ ತಟ್ಟುತ್ತ ಕುಪ್ಪಳಿಸುತ್ತಿದ್ದರು. ಕತ್ತೆ ಟಕಟಕ ಓಡಿತು. ಇದಕ್ಕೆ ಜಾಹೀರಾತಿನ ನೆಪವಿರಲಿಲ್ಲ, ರೈಲಿನ ನೆಪವೂ ಇರಲಿಲ್ಲ. ಮಾತಾಡಿದ ಬಾಯಿಯೂ ಹಾಡಿದ ಬಾಯಿಯೂ ಒಂದೇ ಎಂದು ಕಣ್ಣೆದುರೇ ಇತ್ತು. ಅಪ್ಪನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ನಗ್ತಿದ್ದಾರೆ," ಎಂದ ಅಪ್ಪ. "ಆ ಹಾಡಿಗೆ ನಗ್ತಿದ್ದಾರೆ."

"ಅಪ್ಪ, ನಮ್ಮ ಪ್ಲೇಯರ್ ಸ್ವಲ್ಪ..."

"ಗೊತ್ತಾಯ್ತು ಬಿಡು." ಎದ್ದು ಟೀವಿ ಆರಿಸಿದ. "ಇಷ್ಟು ವರ್ಷ ನಾನು ಯಾರನ್ನ ದೊಡ್ಡಪ್ಪ ಅಂತಿದ್ದೆ ಹಾಗಾದ್ರೆ? ಒಂದು ಕೆಟ್ಟ ಮೋಟಾರನ್ನಾ?"

ಅಮ್ಮ ಹೆಚ್ಚಿದ ತರಕಾರಿ ಎತ್ತಿಕೊಂಡು ಎದ್ದಳು. ಅಪ್ಪ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಒಳಗೆ ಹೋದ. ಅತ್ತಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಅಲ್ಲಿಂದ ಅಪ್ಪ ಹಾಡುವುದನ್ನು ಬಿಟ್ಟ. ಕಿಟಕಿಯ ಚಿಕ್ಕ ಗಾಜು, ಫೋಟೋದ ಗಾಜು ಇವಕ್ಕೇನೂ ತೊಂದರೆಯಾಗಲಿಲ್ಲ. ದೊಡ್ಡದೊಂದನ್ನು ಹಿತ್ತಲ ಕಟ್ಟೆಯಿಂದ ಮೇಜಿಗೆ ತರಬೇಕಾದಾಗ, "ಒಂದು, ಎರಡು," ಎಂದು ಎಣಿಸತೊಡಗಿದ. ಮೂಟೆ ತೂಗುವವನ ಎಣಿಕೆ, ಅದರಲ್ಲಿ ಜೀವವಿರಲಿಲ್ಲ. ಬಾಗಿಲ ಹತ್ತಿರ ನಾನು ಮುಂದಾದೆ, ಅವನು ಹಿಂದಾದ, ಗಾಜು ಬಾಗಿತು. ಹೇಗೋ ನೆಲದ ಮರದ ತುಂಡಿನ ಮೇಲೆ ಇಳಿಸಿದೆವು, ಆದರೆ ಒಂದು ಮೂಲೆ ಚೌಕಟ್ಟಿಗೆ ತಗುಲಿ ಚಕ್ಕೆ ಎದ್ದಿತು. ಅಪ್ಪ ಬಗ್ಗಿ ಆ ಚಕ್ಕೆಯನ್ನು ಎತ್ತಿಕೊಂಡ.

"ಸಾಕು ಮಗಳೇ," ಎಂದ. "ದೊಡ್ಡ ಗಾಜು ಇನ್ನು ನನ್ನ ಕೈಲಾಗಲ್ಲ. ನೀನು ಯಾರನ್ನಾದ್ರೂ ಇಟ್ಕೋ."

"ಯಾರನ್ನ ಇಟ್ಕೊಳ್ಳಲಿ? ನಿನ್ನ ಅಳಿಯನನ್ನಾ? ನೀರಿನ ಲೋಟ ಹಿಡಿದ್ರೇ ಬೀಳಿಸ್ತಾನೆ."

ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಗಾಜು ಕೊಯ್ಯದಂತೆ ಕೈಗೆ ಕಟ್ಟಿದ ಚರ್ಮದ ಪಟ್ಟಿಗಳನ್ನು ಬಿಚ್ಚಿ, ಅವನ್ನು ಯಾವಾಗಲೂ ತೂಗುಹಾಕುವ ಕೊಕ್ಕೆಗೆ ಹಾಕದೆ, ಮಡಚಿ ನನ್ನ ಮುಂದೆ ಇಟ್ಟ. ಅಪ್ಪ ಬಿಟ್ಟರೆ ಅಂಗಡಿ ನಿಂತುಹೋಗುತ್ತಿತ್ತು ಎಂದಲ್ಲ. ಹೇಗೋ ನಡೆಸಿಕೊಂಡು ಹೋಗುತ್ತಿದ್ದೆ. ಅಪ್ಪನೇ ನಿಂತುಹೋಗುತ್ತಿದ್ದ. ಆ ಮನುಷ್ಯನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದೇ ಇವತ್ತು ಎಲ್ಲಿಗೆ ಯಾವ ಗಾಜು ಹೊರಬೇಕು ಎಂಬ ಯೋಚನೆ. ಅದನ್ನು ಕಿತ್ತುಕೊಂಡರೆ ಉಳಿಯುವವನು ಯಾರೆಂದು ನನಗೆ ಗೊತ್ತಿರಲಿಲ್ಲ, ತಿಳಿಯುವುದೂ ಬೇಕಿರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಫೋನಿನಲ್ಲಿ ಅದೇ ಹಾಡು ಹುಡುಕಿ, ವೇಗ ತಗ್ಗಿಸಿ ಕೇಳಿಸಿದೆ. ಹಾಡು ನಿಧಾನವಾಯಿತು, ಆದರೆ ದನಿ ಆಳಕ್ಕೆ ಇಳಿಯಲಿಲ್ಲ. "ನಿದ್ದೆಗಣ್ಣಲ್ಲಿ ಹಾಡ್ದಂಗಿದೆ," ಎಂದ ಅಪ್ಪ. ವ್ಯಾನಿಗೆ ಕರೆದುಕೊಂಡು ಹೋಗಿ ಹಳೆಯ ಕ್ಯಾಸೆಟ್ಟನ್ನೇ ಹಾಕಿದೆ. ಅದೇ ತಗ್ಗಿದ ದನಿ. ಹಿಂದೆ ಜನರ ಚಪ್ಪಾಳೆ, ಯಾರೋ ಹಾಸಿಗೆಯ ಧೂಳು ಕೊಡವಿದಂತೆ ಧಪ್, ಧಪ್. ಅದು ನಿಧಾನವಾಗಿ ಓಡುತ್ತಿದೆಯೆಂದು ಆ ಚಪ್ಪಾಳೆಯಿಂದಲೇ ಯಾರಿಗಾದರೂ ತಿಳಿಯಬೇಕಿತ್ತು. ಅಪ್ಪನಿಗೂ ಆ ಕ್ಷಣ ಅದೇ ಕೇಳಿಸಿರಬೇಕು. ಕೈ ಚಾಚಿ ನಿಲ್ಲಿಸಿಬಿಟ್ಟ.

"ಅಪ್ಪ, ಏನೀಗ? ಅವನು ಬೇಗ ಹಾಡ್ತಿದ್ದ, ನಿನಗೆ ನಿಧಾನ ಕೇಳಿಸ್ತು. ಅವನ ಹಾಡೇ ತಾನೇ ಅದು?" ನನ್ನ ದನಿ ಏರಿತ್ತು.

"ನಿಂಗೆ ಅರ್ಥ ಆಗಲ್ಲ. ಕಷ್ಟ ಬಂದಾಗೆಲ್ಲಾ ಅವನ ಜೊತೆ ಮಾತಾಡ್ತಿದ್ದೆ ನಾನು, ಮನಸ್ಸಲ್ಲೇ. ನೀನು ಹುಟ್ಟೋ ದಿನ ಆಸ್ಪತ್ರೆ ಹೊರಗೆ ವ್ಯಾನಲ್ಲಿ ಕೂತು ಅವನ ಹತ್ರಾನೇ ಹೇಳ್ಕೊಂಡಿದ್ದೆ. ಅವನು ತಾಳ್ಮೆಯ ಮನುಷ್ಯ ಅಂತ. ಈಗ ನೋಡಿದ್ರೆ ಅಂಥವನೊಬ್ಬ ಇರಲೇ ಇಲ್ಲ."

ಸತ್ತವರಿಗಾದರೆ ಅಳಬಹುದು. ಇರಲೇ ಇಲ್ಲದವನಿಗೆ ಏನು ಮಾಡುವುದು?

ಇತ್ತ ಕ್ಷೌರದವನು ದಿನಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಹಲಗೆ ನೋಡಿ ಜನ ಅಂಗಡಿ ಮುಚ್ಚಿದೆ ಅಂದ್ಕೊಂಡು ಹೋಗ್ತಿದ್ದಾರೆ ಅಕ್ಕಾ." ಕೊನೆಗೆ ನಾನು ಅಪ್ಪನಿಗೆ, "ಇದೊಂದು ಒಪ್ಪಿಕೊಂಡ ಕೆಲಸ. ಇದೊಂದು ಮುಗಿಸಿಕೊಡು, ಆಮೇಲೆ ನಿನ್ನಿಷ್ಟ," ಎಂದೆ. ಮಾತಿಗೆ ತಪ್ಪುವವನಲ್ಲವಾದ್ದರಿಂದ ಒಪ್ಪಿದ. ಒಪ್ಪಿದ ರೀತಿ ನೋಡಿದರೆ ಅದು ಕೊನೆಯದೆಂದು ತೀರ್ಮಾನಿಸಿದಂತಿತ್ತು.

ಬೆಳಗ್ಗೆ ರಸ್ತೆ ಖಾಲಿ ಇರುವಾಗಲೇ ಹೊರಟೆವು. ನಮ್ಮ ಅಂಗಡಿಯಿಂದ ಅವನದಕ್ಕೆ ರಸ್ತೆ ದಾಟಿದರಾಯಿತು, ವ್ಯಾನ್ ಬೇಕಿರಲಿಲ್ಲ. ಆದರೆ ಗಾಜು ನನಗಿಂತ ಎತ್ತರ, ಮೂರು ಜನ ಕೈ ಚಾಚಿ ನಿಂತಷ್ಟು ಅಗಲ. ಅಪ್ಪ ಬಿಟ್ಟುಬಂದ ಕನ್ನಡಕ ಕೊಡಲು ಬಂದ ಅಮ್ಮ, ಬಂದದ್ದೇ ತಪ್ಪಾಯಿತೆಂಬಂತೆ, ಕ್ಷೌರದಂಗಡಿಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಳು. ಕ್ಷೌರದವನು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದ.

ಎತ್ತಿದೆವು. ನಾನು ಮುಂದೆ, ಅಪ್ಪ ಹಿಂದೆ. ಎಣಿಸಲೂ ಇಲ್ಲ ಅವನು, ತುಟಿ ಪಿಟಕ್ ಎನ್ನಲಿಲ್ಲ. ನಾಲ್ಕು ಹೆಜ್ಜೆ ಸರಿಯಾಗಿಯೇ ಹೋಯಿತು. ರಸ್ತೆಯ ನಡುವೆ ನನ್ನ ಹೆಜ್ಜೆ ಅವನದರಿಂದ ಬೇರೆಯಾಯಿತು. ಗಾಜು ಒಮ್ಮೆ ಹೊಟ್ಟೆ ಉಬ್ಬಿಸಿತು, ಇನ್ನೊಮ್ಮೆ ಒಳಕ್ಕೆ ಎಳೆದುಕೊಂಡಿತು. ಅಂಗೈಯಲ್ಲಿ ಅದರ ನಡುಕ ಹತ್ತಿತು. ನಿಂತರೂ ಒಡೆಯುತ್ತದೆ, ನಡೆದರೂ ಒಡೆಯುತ್ತದೆ ಎನ್ನುವ ಹಾಗಾಯಿತು.

"ಅಪ್ಪಾ!" ಎಂದೆ. ಹಿಂದಿನಿಂದ ಏನೂ ಬರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮ ಹಾಡಿದಳು.

ನನ್ನ ಅಮ್ಮ ಹಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒರಟು ದನಿ, ಶ್ರುತಿಯ ಹಂಗಿಲ್ಲ. ಆದರೆ "ಮೆಲ್ಲಗೆ" ಎಂದು ಎಳೆದದ್ದು ಎಷ್ಟು ಬೇಕೋ ಅಷ್ಟೇ. "ನಡಿಯೋ" ಎನ್ನುವಲ್ಲಿ ಬಲಗಾಲು, "ಕತ್ತೇ" ಎನ್ನುವಲ್ಲಿ ಎಡಗಾಲು. ಅಪ್ಪ ಉಸಿರು ತೆಗೆದುಕೊಳ್ಳುವ ಕಡೆಯಲ್ಲೇ ಉಸಿರು ತೆಗೆದುಕೊಂಡಳು. ನನ್ನ ಕಾಲು ನನ್ನನ್ನು ಕೇಳದೆಯೇ ಎದ್ದಿತು. ಗಾಜಿನ ನಡುಕ ಇಳಿಯಿತು. ಬೆನ್ನ ಮೇಲಿದೆ ಅವಳ ಕನ್ನಡಿ ಎನ್ನುವಾಗ ಹಿಂದಿನಿಂದ ಅಪ್ಪನ ದನಿಯೂ ಸೇರಿತು, ಮೊದಲು ತಗ್ಗಾಗಿ, ಆಮೇಲೆ ಪೂರ್ತಿ. ಹಾಲಿನವನು ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ನಾವು ಮೂವರೂ ಸೇರಿ ಆ ಗಾಜನ್ನು ರಸ್ತೆ ದಾಟಿಸಿ, ಮೆಟ್ಟಿಲು ಹತ್ತಿಸಿ, ಚೌಕಟ್ಟಿಗೆ ಕೂರಿಸಿದೆವು.

ಅಪ್ಪ ರಬ್ಬರ್ ಪಟ್ಟಿ ಒತ್ತಿ, ಮೊಳೆ ಹೊಡೆದು ಮುಗಿಸಿದ. ಆಮೇಲೆ ಅಮ್ಮನ ಕಡೆ ತಿರುಗಿದ.

"ನೀನು ವ್ಯಾನೇ ಹತ್ತಿಲ್ಲ. ಆ ಕ್ಯಾಸೆಟ್ ಒಂದು ದಿನ ಕೇಳಿಲ್ಲ. ನಿಂಗೆ ಹೇಗೆ ಬಂತು ಈ ಹಾಡು?"

"ಕ್ಯಾಸೆಟ್ ಯಾಕ್ರೀ ಬೇಕು?" ಎಂದಳು ಅಮ್ಮ. "ಅಡುಗೆಮನೆ ಕಿಟಕಿ ಇರೋದು ನಿಮ್ಮ ಹಿತ್ತಲ ಕಡೆಗೆ. ಮದುವೆಯಾಗಿ ಬಂದಾಗಿಂದ ದಿನಾ ಕೇಳ್ತಿದ್ದೀನಿ. ಆ ಪುಣ್ಯಾತ್ಮನ ದನಿ ನಾನು ಮೊದಲು ಸರಿಯಾಗಿ ಕೇಳಿದ್ದೇ ಮೊನ್ನೆ ಟೀವೀಲಿ. ಚೆನ್ನಾಗೇ ಹಾಡ್ತಾನೆ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಗೊತ್ತಿರೋ ಹಾಡು ನಿಮ್ದು. ನೀವು ಹಾಡಿದ್ದಕ್ಕೇ ನಾನು ಈ ಮನೇಲಿ ತಾಳ್ಮೆಯಿಂದ ಇದ್ದೆ. ಮೋಟಾರಂತೆ, ಮೋಟಾರು!"

ಅಪ್ಪ ಕೆಂಪಗಾದ. ಆ ವಯಸ್ಸಿನಲ್ಲಿ ಅಪ್ಪ ನಾಚಿಕೊಂಡದ್ದನ್ನು ನೋಡಿ ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ. ವ್ಯಾನಿನಲ್ಲಿ ನಾನು ಕೇಳಿದ ದನಿ ಯಾವುದು, ಹಿತ್ತಲಲ್ಲಿ ಕೇಳಿದ್ದು ಯಾವುದು ಎಂದು ಬೇರೆ ಮಾಡಲು ಆಗ ಪ್ರಯತ್ನಪಟ್ಟೆ, ಆಗಲಿಲ್ಲ. ನನಗೆ ದೊಡ್ಡಪ್ಪನ ಮೇಲಿದ್ದ ಪ್ರೀತಿ ಅರ್ಧಕ್ಕರ್ಧ ಅಪ್ಪನ ಮೇಲಿನದೇ ಆಗಿತ್ತು.

ಕ್ಷೌರದವನಿಗೆ ಇದೆಲ್ಲ ಏನು ಗೊತ್ತು? ಬೆಳಕು ತುಂಬಿದ ಅಂಗಡಿ ನೋಡಿ ಹಿಗ್ಗಿಹೋಗಿದ್ದ. ಅಪ್ಪನನ್ನು ಖುಷಿಪಡಿಸಲೆಂದು, ಗಿರಾಕಿಗಳಿಗೆ ಇಟ್ಟ ಪತ್ರಿಕೆ ತೆಗೆದು ಗಾಯಕನ ಫೋಟೋ ತೋರಿಸಿದ. "ನೋಡಿ ಯಜಮಾನ್ರೇ, ಪೂರ್ತಿ ಪುಟ ಹಾಕಿದ್ದಾರೆ. ಇನ್ನೂ ಅರವತ್ತೂ ಆಗಿರ್ಲಿಲ್ವಂತೆ, ಪಾಪ."

"ಎಷ್ಟು?" ಎಂದ ಅಪ್ಪ. ಕನ್ನಡಕ ಏರಿಸಿ ತಾನೇ ಓದಿದ. ಮತ್ತೊಮ್ಮೆ ಓದಿದ. "ನನಗಿಂತ ಚಿಕ್ಕವನು," ಎಂದ. "ಲೇ, ಇವನು ನನಗಿಂತ ಚಿಕ್ಕವನು ಕಣೇ. ಎಷ್ಟೋ ವರ್ಷ ಚಿಕ್ಕವನು."

ರೇಡಿಯೋದಲ್ಲಿ ಆ ವಾರವೆಲ್ಲ ಅವನದೇ ಹಾಡು. ಕ್ಷೌರದವನು ತನ್ನ ಅಂಗಡಿಯ ರೇಡಿಯೋ ಜೋರು ಮಾಡಿದ. ಅದೇ ಕತ್ತೆ ಹಾಡು, ಅದರ ಸ್ವಂತ ವೇಗದಲ್ಲಿ, ಟಕಟಕ ಓಡುತ್ತ ಬಂತು. ಅಪ್ಪನಿಗೆ ಬೇಡವಾಗಬಹುದೆಂದು ಅದನ್ನು ಆರಿಸಲು ನಾನು ಕೈ ಮುಂದೆ ಮಾಡಿದೆ. ಅಪ್ಪ ಬೇಡವೆಂದು ತಲೆಯಾಡಿಸಿ ಗಡ್ಡ ಹೆರೆಯುವ ಕುರ್ಚಿಯಲ್ಲಿ ಕುಳಿತ. ಸಣ್ಣ, ಚುರುಕು ದನಿ, ಮಾತಿನ ಮೇಲೆ ಮಾತು ಬೀಳುತ್ತಿತ್ತು. ನಡುವೆ ಒಂದು ಕಡೆ ಅವನಿಗೇ ನಗು ತಡೆಯಲಾಗದೆ ಹಾಡು ತಪ್ಪಿತು. ನಿಧಾನದ ಕ್ಯಾಸೆಟ್ಟಿನಲ್ಲಿ ಅದನ್ನು ನಾವು ಬಿಕ್ಕಿ ಅಳುವುದು ಎಂದುಕೊಂಡಿದ್ದೆವು. ಅಪ್ಪ ಕೊನೆಯವರೆಗೂ ಕೇಳಿದ. ತಪ್ಪು ಮಾಡಿದ ಮನೆಯ ಹುಡುಗನನ್ನು ನೋಡುವ ಹಾಗೆ ಆ ರೇಡಿಯೋವನ್ನು ನೋಡಿದ.

"ಇಷ್ಟೊಂದು ಅವಸರ ಯಾಕೋ ತಮ್ಮಾ," ಎಂದ. "ನಾನಿನ್ನೂ ಇಲ್ಲೇ ಇದ್ದೀನಲ್ಲೋ."

ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕ್ಷೌರದವನು ಗಾಬರಿಯಾಗಿ, ಒಗೆದು ಮಡಚಿಟ್ಟಿದ್ದ ಟವೆಲ್ಲೊಂದನ್ನು ತಂದು ಅವನ ಹೆಗಲಿಗೆ ಹಾಕಿದ.